ಸ್ಟಿಕ್ಕರ್ ಬ್ಯಾರೆ, ಒಳಗಿನ ಮಾಲು ಬ್ಯಾರೆ

ಪ್ರಶ್ನೆ: ನಮಸ್ಕಾರ್ರಿ ಸರ್. ಮಗಳು ಬಿಕಾಂ ಓದ್ಲಾಕತ್ಯಾಳ ಅಂತ ಹೋದ ತಿಂಗಳ ಸೂಪರ್ ಮಾರ್ಕೆಟ್ ಕಡಿ ಒಂದ ಅಂಗಡ್ಯಾಗ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಗೊಂಡೆ. ಐ5 ಅದ, 8 ಜಿಬಿ ರ‍್ಯಾಮ್ ಅದ, ಎಸ್‌ಎಸ್‌ಡಿ ಅದ ಅಂದ್ರು, ಮ್ಯಾಲ ಸ್ಟಿಕ್ಕರೂ ಅದ. ಆದ್ರ ಆನ್ ಮಾಡಿ ಚಹಾ ಕುಡದು ಬಂದ್ರೂ ಇನ್ನಾ ಗುಂಡಗ ತಿರಗತಿರ್ತದ. ಬಿಚ್ಚದೇ ಒಳಗ ಏನದ ಅಂತ ನೋಡೂದು ಹ್ಯಾಂಗ್ರಿ?
— ಒಬ್ಬ ತಂದಿ, ಕಲಬುರಗಿ

ಉತ್ತರ: ಸ್ಟಿಕ್ಕರ್ ನಂಬಬ್ಯಾಡ್ರಿ, ಉಗುರಿನಿಂದ ಕಿತ್ತಿ ಇನ್ನೊಂದಕ್ಕ ಹಚ್ಚೂದು ಎಷ್ಟೊತ್ತಿನ ಕೆಲಸ. ನಮ್ಮ ಗಂಜಿನಾಗ ತೊಗರಿ ತಗೊಳ್ಳೋರು ಚೀಲದ ಬಾಯಾಗಿನ ಕಾಳು ನೋಡಿ ರೇಟ್ ಹೇಳ್ತಾರೇನ್ರಿ, ಚೀಲಕ್ಕ ಚುಚ್ಚಿ ಒಳಗಿಂದು ತಗದು ಅಂಗೈ ಮ್ಯಾಲ ಹಾಕ್ಕೊಂಡೇ ನೋಡ್ತಾರ, ನೀವೂ ಹಂಗ ಮಾಡ್ರಿ, ಸ್ಕ್ರೂಡ್ರೈವರ್ ಬೇಕಾಗಿಲ್ಲ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೂಡೇ ಒತ್ರಿ. ಟಾಸ್ಕ್ ಮ್ಯಾನೇಜರ್ ಬರ್ತದ, ಅದರಾಗ ಪರ್ಫಾರ್ಮೆನ್ಸ್‌ಗೆ ಹೋಗ್ರಿ. ಎಡಗಡಿ ಡಿಸ್ಕ್ 0 ಅಂತ ಇರ್ತದಲ್ಲ, ಅದರ ಕೆಳಗ ಸಣ್ಣ ಅಕ್ಷರದಾಗ ಎಸ್‌ಎಸ್‌ಡಿನೋ ಎಚ್‌ಡಿಡಿನೋ ಅಂತ ಬರದಿರ್ತದ. ಎಸ್‌ಎಸ್‌ಡಿ ಅಂದ್ರ ಒಳಗ ತಿರಗೋ ಭಾಗ ಇಲ್ಲದ, ಜಲ್ದಿ ಓಡೋ ಡಿಸ್ಕ್. ನಿಮ್ಮ ಚಹಾದ ಕತಿ ಕೇಳಿದ್ರ ನನಗ ಎಚ್‌ಡಿಡಿ ಮ್ಯಾಲೇ ಡೌಟು, ಹಳೆ ತಿರಗೋ ಡಿಸ್ಕ್ ಇದ್ರ ವಿಂಡೋಸ್ 10 ಆನ್ ಆಗ್ಲಾಕ ಹಿಂಗೇ ಸತಾಯಿಸ್ತದ.

ಆಮ್ಯಾಗ ಮೆಮೊರಿ ಒತ್ರಿ, ರ‍್ಯಾಮ್ ಲೆಕ್ಕ ಅಲ್ಲೇ ಇರ್ತದ. ಮ್ಯಾಲ 8 ಜಿಬಿ ಅಂತ ಇದ್ರ ಖರೇ 8 ಅದ, ಒಳಗ 7.8 ಯೂಸೇಬಲ್ ಅಂತ ಎಲ್ಲೆರ ಕಂಡ್ರ ಅದಕ್ಕ ಮೋಸ ಅನ್ನಬ್ಯಾಡ್ರಿ, ಸ್ವಲ್ಪ ಗ್ರಾಫಿಕ್ಸ್‌ಗೆ ಹೋಗಿರ್ತದ. 4 ಅಂತ ಬಂದ್ರ ಕೆಳಗ ಸ್ಲಾಟ್ಸ್ ಯೂಸ್ಡ್ ನೋಡ್ರಿ, 2ರಾಗ 1 ಅಂತಿದ್ರ ಇನ್ನೊಂದು ಖಾಲಿ ಅದ, ಇನ್ನೊಂದು 4 ಜಿಬಿ ಕಾರ್ಡ್ ಹಾಕ್ಸಬಹುದು. ಆದ್ರ ರ‍್ಯಾಮ್ ಕಾರ್ಡಿನಾಗೂ ಡಿಡಿಆರ್3, ಡಿಡಿಆರ್4 ಅಂತ ಜಾತಿ ಅವ, ಡಿಡಿಆರ್3 ಜಾಗಾದಾಗ ಡಿಡಿಆರ್4 ಕೂಡಂಗಿಲ್ಲ, ಕಚ್ಚೇ ಬ್ಯಾರೆ ಕಡಿ ಇರ್ತದ. ಯಾವ್ದದ ಅಂತ ತಿಳೀಲಾಕ ಸಿಪಿಯು-ಝಡ್ ಅನ್ನೋ ಫ್ರೀ ಸಾಫ್ಟ್‌ವೇರ್ ಹಾಕಿ ಅದರ ಮೆಮೊರಿ ಟ್ಯಾಬ್ ನೋಡಿ ಬರಕೊಂಡು ಅಂಗಡಿಗೆ ಹೋಗ್ರಿ.

ಇನ್ನ ಐ5, ಅಂದ್ರ ಇಂಟೆಲ್ ಕಂಪನೀದು ಒಂದ ಸಿಪಿಯು, ಲ್ಯಾಪ್‌ಟಾಪಿನ ಮಿದುಳು. ಬರೇ ಐ5 ಅಂದ್ರ ಏನೂ ಹೇಳಿದಂಗಾಗಲಿಲ್ಲ, ಯಾಕಂದ್ರ 2009ರಿಂದ ಬರ್ಲಾಕತ್ತದ ಆ ಹೆಸರು. ಸಿಪಿಯು ಒತ್ತಿದ್ರ ಬಲಗಡಿ ಮ್ಯಾಲ ಪೂರ್ತಿ ನಂಬರ್ ಬರ್ತದ, ಐ5-6200ಯು ಅಂತಿದ್ರ ಮೊದಲಿನ 6 ಅಂದ್ರ ಆರನೇ ಜನರೇಷನ್, ಕಡೀದ ಯು ಅಂದ್ರ ಕರೆಂಟ್ ಕಡಿಮಿ ತಿನ್ನೋದು. ಆರನೇದು 2015ರ ಮಾಲು. ಇಂಟೆಲ್‌ನಾಗ ವಿಂಡೋಸ್ 11 ಒಪ್ಪೋ ಸಿಪಿಯುಗಳ ಲಿಸ್ಟ್ ಹೆಚ್ಚುಕಡಿಮಿ ಎಂಟನೇದರಿಂದ ಶುರು ಆಗ್ತದ, ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕ ಮುಗದದ, ಹಿಂಗಾಗಿ ಆ ಒಂದ ಅಂಕಿ ಮ್ಯಾಲೇ ರೇಟು ನಿಂತದ.

ಮೂರೂ ಸ್ಕ್ರೀನ್ ಮೊಬೈಲ್‌ನಾಗ ಫೋಟೋ ಹೊಡಕೊಂಡು ಅಂಗಡಿಗೆ ಹೋಗ್ರಿ. ಹೋಗೂಕಿಂತ ಮೊದಲ ಬಿಲ್‌ನಾಗ ಏನ್ ಬರದಾರ ನೋಡ್ರಿ, ಬರೇ 'ಲ್ಯಾಪ್‌ಟಾಪ್ 1' ಅಂತಿದ್ರ ಜಗಳ ಸ್ವಲ್ಪ ಉದ್ದ ಆಗ್ತದ.