ಗರಿಂಚಾ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ

ನಮಸ್ಕಾರ.

ಬ್ರೆಜಿಲ್‌ನ ಫುಟ್‌ಬಾಲ್ ಆಟಗಾರ ಗರಿಂಚಾ ಬಗ್ಗೆ ನೀವು ಬರೆದ ‘ವಕ್ರಪಾದದ ಮಾಂತ್ರಿಕ’ ಲೇಖನ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆದರೆ ಎರಡು ಸಾಲು ಬರೆದು ವಾಪಸ್ ಕಳಿಸುವ ಲೇಖನವೂ ಇದಲ್ಲ. ಪೆಲೆ, ಮರಡೋನಾ, ಮೆಸ್ಸಿ ಬಗ್ಗೆ ಬರಹಗಳು ಬರುತ್ತಲೇ ಇರುತ್ತವೆ. ಗರಿಂಚಾ ಬಗ್ಗೆ ಬರೆಯೋಣ ಅಂತ ಹೊರಟವರು ನೀವೊಬ್ಬರೇ. ಆತನ ಮೇಲೆ ನಿಮಗಿರುವ ಪ್ರೀತಿ ಓದುವಾಗಲೇ ಗೊತ್ತಾಗುತ್ತದೆ. ಅದಕ್ಕೇ ಇಷ್ಟು ಉದ್ದದ ಉತ್ತರ. ಹೊಸದಾಗಿ ಬರೆಯುವ ಬೇರೆಯವರಿಗೂ ಪ್ರಯೋಜನ ಆಗಲಿ ಎಂದು, ನಿಮ್ಮ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಇದನ್ನು ಪ್ರಕಟಿಸುತ್ತಿದ್ದೇನೆ.

ನಿಮ್ಮ ಲೇಖನ 1933ರ ಅಕ್ಟೋಬರ್ 28ಕ್ಕೆ ಶುರುವಾಗುತ್ತದೆ, 1983ರ ಜನವರಿ 20ಕ್ಕೆ ಮುಗಿಯುತ್ತದೆ. ನಡುವೆ ಎಲ್ಲವೂ ಇದೆ. ರಿಯೊ ಸಮೀಪದ ಪೌ ಗ್ರಾಂಡೆ ಎಂಬ ಪುಟ್ಟ ಊರು, ಅಲ್ಲಿನ ಬಟ್ಟೆ ಗಿರಣಿ, ಬೊಟಫೊಗೊ ಕ್ಲಬ್, 1958 ಮತ್ತು 1962ರ ವಿಶ್ವಕಪ್, ಕುಡಿತ, ಸಾವು. ಮಾಹಿತಿ ಹೆಚ್ಚುಕಡಿಮೆ ಸರಿಯಾಗೇ ಇದೆ. ಒಂದು ಕಡೆ ಮಾತ್ರ ಎಡವಿದ್ದೀರಿ: 1958ರಲ್ಲಿ ಆತ 7ನೇ ನಂಬರ್ ಅಂಗಿ ತೊಟ್ಟಿದ್ದ ಎಂದಿದ್ದೀರಿ. ಆ ವಿಶ್ವಕಪ್‌ನಲ್ಲಿ ಆತನ ನಂಬರ್ 11. 7 ಇದ್ದದ್ದು ಸಹ ಆಟಗಾರ ಜಗಾಲೊ ಬೆನ್ನ ಮೇಲೆ. ಇದು ಸಣ್ಣ ತಿದ್ದುಪಡಿ. ದೊಡ್ಡ ತೊಂದರೆ ಬೇರೆ ಇದೆ. ಗಿರಣಿಗೆ ಎಷ್ಟು ಸಾಲು ಕೊಟ್ಟಿದ್ದೀರೋ, 1962ರ ವಿಶ್ವಕಪ್‌ಗೂ ಅಷ್ಟೇ ಸಾಲು ಕೊಟ್ಟಿದ್ದೀರಿ. ಯಾವುದು ಮುಖ್ಯ ಅಂತ ನೀವೇ ತೀರ್ಮಾನ ಮಾಡದಿದ್ದರೆ ಓದುವವರು ಹೇಗೆ ಮಾಡಬೇಕು?

ಇನ್ನೂ ಬೇಸರದ ಸಂಗತಿ ಎಂದರೆ, ಒಬ್ಬ ಫುಟ್‌ಬಾಲ್ ಆಟಗಾರನ ಬಗೆಗಿನ ಬರಹದಲ್ಲಿ ಆಟವೇ ಇಲ್ಲ. ನಿಮ್ಮದೇ ಸಾಲು ನೋಡಿ: ‘ಆತನ ಕಾಲಿಗೆ ಚೆಂಡು ತಾಗಿತೆಂದರೆ ಸಾಕು, ಮೈದಾನದಲ್ಲಿ ಮಾಯಾಲೋಕವೇ ತೆರೆದುಕೊಳ್ಳುತ್ತಿತ್ತು, ಎದುರಾಳಿಗಳು ಮಂತ್ರಮುಗ್ಧರಾಗುತ್ತಿದ್ದರು.’ ಇದನ್ನು ಮರಡೋನಾ ಬಗ್ಗೆಯೂ ಬರೆಯಬಹುದು, ಹಾಕಿ ಆಟಗಾರನ ಬಗ್ಗೆಯೂ ಬರೆಯಬಹುದು. ಗರಿಂಚಾ ಏನು ಮಾಡುತ್ತಿದ್ದ ಅಂತ ಇದರಲ್ಲಿ ಎಲ್ಲಿದೆ? ಆತ ಆಡಿದ ಪಂದ್ಯಗಳ ಹಳೆಯ ಕಪ್ಪು ಬಿಳುಪು ತುಣುಕುಗಳು ಈಗಲೂ ನೋಡಲು ಸಿಗುತ್ತವೆ. ಕೂತು ನೋಡಿ. ನಿಧಾನಕ್ಕೆ, ನಿಲ್ಲಿಸಿ ನಿಲ್ಲಿಸಿ ನೋಡಿ.

ಬಲ ಅಂಚಿನಲ್ಲಿ ನಿಂತವನಿಗೆ ಪಾಸ್ ಬರುತ್ತದೆ. ಆತ ಓಡುವುದಿಲ್ಲ. ಡಿಫೆಂಡರ್ ಎದುರಿಗೆ ಹೋಗಿ, ಚೆಂಡನ್ನು ಕಾಲ ಮುಂದೆ ಇಟ್ಟುಕೊಂಡು ನಿಂತುಬಿಡುತ್ತಾನೆ. ಡಿಫೆಂಡರ್‌ಗೆ ಕಾಲು ಹಾಕಲೂ ಭಯ, ಸುಮ್ನೆ ನಿಲ್ಲಲೂ ಭಯ. ಆಗ ಗರಿಂಚಾ ಸೊಂಟವನ್ನು ಎಡಕ್ಕೆ ವಾಲಿಸುತ್ತಾನೆ, ಒಳಗಡೆ ನುಗ್ಗುವವನ ಹಾಗೆ. ಚೆಂಡು ಇದ್ದಲ್ಲೇ ಇರುತ್ತದೆ. ಎದುರಿನವನ ಮೈಭಾರ ಆ ಕಡೆಗೆ ವಾಲಿತು ಎಂದ ತಕ್ಷಣ, ಬಲಪಾದದ ಹೊರ ಅಂಚಿನಿಂದ ಚೆಂಡನ್ನು ಬಲಕ್ಕೆ ತಳ್ಳಿ ಹೊರಟುಹೋಗುತ್ತಾನೆ. ಮೊದಲ ಎರಡು ಮೂರು ಹೆಜ್ಜೆಯಲ್ಲೇ ಕೆಲಸ ಮುಗಿದಿರುತ್ತದೆ. ಆಮೇಲೆ ಮೈದಾನದ ಕೊನೆಯ ಗೆರೆ ತನಕ ಓಡಿ, ಅಲ್ಲಿಂದ ಚೆಂಡನ್ನು ಗೋಲ್ ಎದುರಿಗೆ ಕೊಡುತ್ತಾನೆ.

ಬಹುತೇಕ ಪ್ರತಿ ಸಲವೂ ಹೀಗೇ. ಪ್ರತಿ ಸಲವೂ ಬಲಕ್ಕೇ. ಇದು ಎದುರಾಳಿಗಳಿಗೆ ಗೊತ್ತಿತ್ತು, ಅವರ ಕೋಚ್‌ಗಳಿಗೆ ಗೊತ್ತಿತ್ತು, ಪಂದ್ಯ ನೋಡಲು ಬಂದವರಿಗೂ ಗೊತ್ತಿತ್ತು. ಹಾಗಿದ್ದೂ ಯಾಕೆ ತಡೆಯಲು ಆಗಲಿಲ್ಲ? ನಿಮ್ಮ ಲೇಖನಕ್ಕೆ ಈ ಪ್ರಶ್ನೆಯೇ ಬೆನ್ನೆಲುಬು ಆಗಬೇಕು. ನನಗೆ ಅನಿಸುವುದು ಇಷ್ಟು: ಎಲ್ಲಿಗೆ ಹೋಗುತ್ತಾನೆ ಅಂತ ಡಿಫೆಂಡರ್‌ಗೆ ತಿಳಿದಿತ್ತು, ಯಾವಾಗ ಹೋಗುತ್ತಾನೆ ಅಂತ ತಿಳಿದಿರಲಿಲ್ಲ. ಆ ‘ಯಾವಾಗ’ ಪೂರ್ತಿಯಾಗಿ ಗರಿಂಚಾ ಕೈಯಲ್ಲಿತ್ತು. ನಿಮಗೆ ಬೇರೆ ಉತ್ತರ ಹೊಳೆಯಬಹುದು. ಹೊಳೆದರೆ ಅದನ್ನೇ ಬರೆಯಿರಿ. ಆದರೆ ‘ಮಾಯಾಲೋಕ’ ಎಂದು ಬರೆದು ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳಬೇಡಿ.

ಇದಕ್ಕೆ ತೀರಾ ಒಳ್ಳೆಯ ಉದಾಹರಣೆ 1958ರ ಜೂನ್ 29ರ ಫೈನಲ್. ನೀವು ‘ಬ್ರೆಜಿಲ್ ಸ್ವೀಡನ್ನನ್ನು 5-2ರಿಂದ ಮಣಿಸಿತು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಆ ಪಂದ್ಯದಲ್ಲಿ ಮೊದಲು ಗೋಲ್ ಹೊಡೆದದ್ದು ಸ್ವೀಡನ್. ಆಟ ಶುರುವಾಗಿ ಇನ್ನೂ ನಾಲ್ಕು ನಿಮಿಷ. ಅವರದೇ ನೆಲ, ಅವರದೇ ಜನ. 9ನೇ ನಿಮಿಷದಲ್ಲಿ ಗರಿಂಚಾ ಬಲಗಡೆ ಡಿಫೆಂಡರ್‌ನನ್ನು ದಾಟಿ ಗೆರೆ ತನಕ ಹೋಗಿ ಚೆಂಡು ಕೊಟ್ಟ, ವವಾ ಗೋಲ್ ಹೊಡೆದ. 32ನೇ ನಿಮಿಷದಲ್ಲಿ ಗರಿಂಚಾ ಅದೇ ಬಲಗಡೆ ದಾಟಿ ಅದೇ ಗೆರೆ ತನಕ ಹೋಗಿ ಚೆಂಡು ಕೊಟ್ಟ, ವವಾ ಮತ್ತೆ ಗೋಲ್ ಹೊಡೆದ. ಎರಡನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದರೆ ಒಂದೇ ಗೋಲನ್ನು ಎರಡು ಸಲ ತೋರಿಸುತ್ತಿದ್ದಾರೆ ಅನಿಸುತ್ತದೆ. ವಿಶ್ವಕಪ್ ಫೈನಲ್‌ನಲ್ಲಿ ಒಬ್ಬ ಆಟಗಾರ ಒಂದೇ ಪಟ್ಟನ್ನು ಅರ್ಧ ಗಂಟೆಯೊಳಗೆ ಎರಡು ಸಲ ಹಾಕಿ ಗೆಲ್ಲುತ್ತಾನೆ ಅಂದರೆ ಅದಕ್ಕೆ ಒಂದು ಪುಟವಾದರೂ ಬೇಡವೇ? 17 ವರ್ಷದ ಪೆಲೆ ಅದೇ ಪಂದ್ಯದಲ್ಲಿ ಎರಡು ಗೋಲ್ ಹೊಡೆದದ್ದರಿಂದ ಲೋಕ ಆ ಕಡೆ ನೋಡಿತು. ನೀವು ಈ ಕಡೆ ನೋಡಿ.

ಈಗ 1962, ಚಿಲಿ. ನಿಮ್ಮ ಲೇಖನದಲ್ಲಿ ಅತ್ಯಂತ ಜಾಸ್ತಿ ನಷ್ಟ ಆಗಿರುವುದು ಇಲ್ಲೇ. ಎರಡನೇ ಪಂದ್ಯದಲ್ಲೇ ಪೆಲೆಗೆ ಗಾಯವಾಯಿತು, ಮತ್ತೆ ಆ ಟೂರ್ನಿಯಲ್ಲಿ ಆಡಲಿಲ್ಲ. ‘ತಂಡದ ಭಾರವನ್ನು ಗರಿಂಚಾ ಹೆಗಲ ಮೇಲೆ ಹೊತ್ತ’ ಎಂದಿದ್ದೀರಿ. ಹೇಗೆ ಹೊತ್ತ ಅಂತ ಹೇಳಿಲ್ಲ. ಅಂಚಿನಲ್ಲೇ ಆಡಿಕೊಂಡಿದ್ದವನು ನಡುವಿಗೆ ಬಂದ. ಕ್ವಾರ್ಟರ್ ಫೈನಲ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಕಾರ್ನರ್‌ನಿಂದ ಬಂದ ಚೆಂಡಿಗೆ ತಲೆ ಕೊಟ್ಟು ಗೋಲ್ ಹೊಡೆದ. ಆತ ಗಿಡ್ಡ ಆಳು, ಸುತ್ತಲೂ ಎತ್ತರದ ಇಂಗ್ಲಿಷರು. ಅದೇ ಪಂದ್ಯದಲ್ಲಿ ದೂರದಿಂದ ಬಾಗಿಸಿ ಹೊಡೆದದ್ದು ಇನ್ನೊಂದು. ಸೆಮಿಫೈನಲ್‌ನಲ್ಲಿ ಚಿಲಿ ವಿರುದ್ಧ ಮೊದಲ ಗೋಲ್ ಎಡಗಾಲಿನದು, ಎರಡನೆಯದು ಮತ್ತೆ ತಲೆಯದು. ಬಲಕ್ಕೆ ಮಾತ್ರ ಓಡುವವನು ಎಂದು ಲೋಕವೆಲ್ಲ ನಂಬಿದ್ದವನು ಪೆಲೆ ಇಲ್ಲದ ದಿನ ಬಂದಾಗ ತಾನು ಮಾಡದೇ ಇದ್ದುದನ್ನೆಲ್ಲ ಮಾಡಿ ತೋರಿಸಿದ. 1958ರ ಆ ಒಂದೇ ಪಟ್ಟನ್ನು ಚೆನ್ನಾಗಿ ವಿವರಿಸಿದ್ದರೆ ಮಾತ್ರ ಓದುಗರಿಗೆ ಇದರ ತೂಕ ಗೊತ್ತಾಗುತ್ತದೆ. ಹಾಗಾಗಿ ಒಂದನ್ನು ಬಿಟ್ಟು ಇನ್ನೊಂದನ್ನು ಬರೆಯಲು ಆಗುವುದಿಲ್ಲ.

ಆ ಸೆಮಿಫೈನಲ್‌ನ ಕೊನೆಯಲ್ಲಿ ಎದುರಾಳಿ ರೋಹಾಸ್‌ಗೆ ಒದ್ದು ಗರಿಂಚಾ ಮೈದಾನದಿಂದ ಹೊರದಬ್ಬಿಸಿಕೊಂಡ. ಇದನ್ನು ನೀವು ಬಿಟ್ಟುಬಿಟ್ಟಿದ್ದೀರಿ. ಯಾಕೆ? ಪಂದ್ಯದುದ್ದಕ್ಕೂ ಒದೆ ತಿಂದವನು ಕೊನೆಗೊಮ್ಮೆ ತಿರುಗಿ ಒದ್ದ. ಹಾಗಿದ್ದೂ ಆತನಿಗೆ ಫೈನಲ್ ಆಡಲು ಅವಕಾಶ ಕೊಟ್ಟದ್ದೂ ಅಷ್ಟೇ ದೊಡ್ಡ ಕತೆ. ಬ್ರೆಜಿಲ್‌ನ ಆಗಿನ ಪ್ರಧಾನಿ ಟಾಂಕ್ರೆಡೊ ನೆವಿಸ್ ಆತನ ಪರವಾಗಿ ಫಿಫಾಗೆ ತಂತಿ ಕಳಿಸಿದ್ದರು. ಒದ್ದದ್ದನ್ನು ಕಂಡಿದ್ದ ಲೈನ್ಸ್‌ಮನ್ ವಿಚಾರಣೆಗೆ ಬರಲೇ ಇಲ್ಲ, ಅಷ್ಟರಲ್ಲಿ ಚಿಲಿ ಬಿಟ್ಟು ಹೋಗಿದ್ದರು. ಇದು ನ್ಯಾಯ ಅಂತ ನನಗೆ ಅನಿಸುವುದಿಲ್ಲ. ನಿಮಗೂ ಅನಿಸದಿದ್ದರೆ ಹಾಗೆಂದೇ ಬರೆಯಿರಿ. ಪ್ರೀತಿಸುವವರ ತಪ್ಪನ್ನು ಮುಚ್ಚಿಟ್ಟರೆ ಓದುವವರಿಗೆ ಉಳಿದ ಮಾತಿನ ಮೇಲೂ ನಂಬಿಕೆ ಹೋಗುತ್ತದೆ.

‘ಮುಗ್ಧ’ ಎಂಬ ಪದ ನಿಮ್ಮ ಲೇಖನದಲ್ಲಿ ಮತ್ತೆ ಮತ್ತೆ ಬರುತ್ತದೆ. ಮಗುವಿನಂಥವನು, ಏನೂ ತಿಳಿಯದವನು, ಹಕ್ಕಿಯಂಥವನು. ಸಾಕ್ಷಿಗೆ 1958ರಲ್ಲಿ ತಂಡದ ಮನಶ್ಶಾಸ್ತ್ರಜ್ಞ ಕಾರ್ವಲ್ಯಾಸ್ ಮಾಡಿದ ಪರೀಕ್ಷೆ ತಂದಿದ್ದೀರಿ, ಅದರಲ್ಲಿ ಗರಿಂಚಾಗೆ ತೀರಾ ಕಡಿಮೆ ಅಂಕ ಬಂದಿತ್ತು ಎಂದು. ಅದೇ ಪರೀಕ್ಷೆ ಪೆಲೆಯನ್ನೂ ಆಡಿಸಬೇಡಿ ಅಂದಿತ್ತು. ಪೆಲೆಯನ್ನು ಯಾರೂ ಮುಗ್ಧ ಎಂದು ಕರೆಯುವುದಿಲ್ಲ, ಅಲ್ವಾ? ಎದುರಿನವನ ಮೈಭಾರ ಯಾವ ಕಾಲಿನ ಮೇಲಿದೆ ಎಂದು ಕಣ್ಣಳತೆಯಲ್ಲೇ ಓದಬಲ್ಲವನು ಪೆದ್ದನಾಗಿರಲು ಸಾಧ್ಯವಿಲ್ಲ. ಬಡ ಗಿರಣಿ ಕೆಲಸಗಾರರ ಊರಿಂದ ಬಂದವನು, ಕಾಲು ಸೊಟ್ಟ, ಮಾತು ಕಡಿಮೆ. ಅಂಥವನ ಜಾಣತನವನ್ನು ದೇವರ ವರ ಅಂತ ಹೇಳುವುದು ಎಲ್ಲರಿಗೂ ಸುಲಭವಾಯಿತು. ನೀವೂ ಅದನ್ನೇ ಹೇಳಿದ್ದೀರಿ. ದಯವಿಟ್ಟು ಆ ಪದವನ್ನು ಪೂರ್ತಿ ತೆಗೆದುಹಾಕಿ.

ಕೊನೆಯ ಭಾಗದ ಬಗ್ಗೆ ಸ್ವಲ್ಪ ಗಟ್ಟಿಯಾಗಿ ಹೇಳಬೇಕಿದೆ. ‘ವಿಧಿಯಾಟಕ್ಕೆ ಬಲಿಯಾದ’ ಎಂದು ಬರೆದಿದ್ದೀರಿ. ಕ್ಲಬ್ಬಿನವರು ಖಾಲಿ ಒಪ್ಪಂದ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ವಿಧಿಯಲ್ಲ. ಸವೆದ ಮಂಡಿಗೆ ಸೂಜಿ ಚುಚ್ಚಿ ಪಂದ್ಯಕ್ಕೆ ಇಳಿಸುವುದು ವಿಧಿಯಲ್ಲ. ಹಾಗೆಯೇ, ಗರಿಂಚಾ ಮಾಡಿದ್ದೂ ವಿಧಿಯಲ್ಲ. ಹೆಂಡತಿಯನ್ನೂ ಸಾಲು ಹೆಣ್ಣುಮಕ್ಕಳನ್ನೂ ಬಿಟ್ಟು ಹೋದ. 1969ರಲ್ಲಿ ಆತ ಓಡಿಸುತ್ತಿದ್ದ ಕಾರು ಅಪಘಾತಕ್ಕೀಡಾಗಿ ಆತನ ಸಂಗಾತಿ ಎಲ್ಜಾ ಸೊರೆಸ್‌ರ ತಾಯಿ ತೀರಿಕೊಂಡರು. ಕುಡಿದು ಎಲ್ಜಾ ಮೇಲೆ ಕೈ ಮಾಡುತ್ತಿದ್ದ.

ಎಲ್ಜಾ ನಿಮ್ಮ ಲೇಖನದಲ್ಲಿ ‘ಒಬ್ಬ ಗಾಯಕಿಯ ಮೋಹ’ ಎಂಬ ಮೂರು ಪದ ಮಾತ್ರ. ಬ್ರೆಜಿಲ್‌ನ ಸಾಂಬಾ ಹಾಡುಗಾರಿಕೆಯಲ್ಲಿ ಆಕೆಯದು ಬಹಳ ದೊಡ್ಡ ಹೆಸರು. ಸಂಸಾರ ಒಡೆದವಳು ಎಂದು ಜನ ಬೈದರು, ಪತ್ರಿಕೆಗಳು ಬೈದವು. ಆಕೆ ಮಾತ್ರ ಬಾರ್‌ಗಳಿಗೆ ಹೋಗಿ, ಈತನಿಗೆ ಕುಡಿಯಲು ಕೊಡಬೇಡಿ ಎಂದು ಕೇಳಿಕೊಳ್ಳುತ್ತಿದ್ದಳು. 1977ರಲ್ಲಿ ಬೇರೆಯಾದರು. ಆಕೆಗೆ ಒಂದು ಇಡೀ ಪ್ಯಾರಾ ಕೊಡಿ, ಆಕೆಯ ಹೆಸರಿನಿಂದಲೇ ಶುರು ಮಾಡಿ. ಎಲ್ಜಾ 2022ರಲ್ಲಿ ತೀರಿಕೊಂಡದ್ದೂ ಜನವರಿ 20ರಂದೇ ಎಂದು ಹೇಳಿ ನೀವು ಲೇಖನ ಮುಗಿಸಿದ್ದೀರಿ. ಸಂಗತಿ ನಿಜ. ಆದರೆ ಅಷ್ಟೆಲ್ಲ ನೋವು ಕೊಟ್ಟ ಸಂಬಂಧವನ್ನು ಒಂದು ತಾರೀಕಿನಿಂದ ಅಮರ ಪ್ರೇಮ ಮಾಡಲು ಹೊರಟ ಹಾಗಿದೆ. ತೆಗೆಯಿರಿ.

ನಿಮ್ಮ ಬರಹದಲ್ಲಿ ಒಂದು ಕಡೆ ನಾನು ಒಂದಕ್ಷರವನ್ನೂ ತಿದ್ದುವುದಿಲ್ಲ. ಇಂಗ್ಲೆಂಡ್ ಪಂದ್ಯದ ನಡುವೆ ಮೈದಾನಕ್ಕೆ ನಾಯಿ ನುಗ್ಗಿದ್ದು, ಯಾರ ಕೈಗೂ ಸಿಗದೆ ಓಡಾಡಿದ್ದು, ಇಂಗ್ಲೆಂಡ್ ಆಟಗಾರ ಜಿಮ್ಮಿ ಗ್ರೀವ್ಸ್ ಅಂಬೆಗಾಲಿಕ್ಕಿ ಕೂತು ಅದನ್ನು ಹಿಡಿದದ್ದು, ಅದು ಆತನ ಅಂಗಿ ಮೇಲೆ ಉಚ್ಚೆ ಹೊಯ್ದದ್ದು. ಅಲ್ಲಿ ಒಂದೂ ವಿಶೇಷಣ ಇಲ್ಲ. ಚಿಕ್ಕ ಚಿಕ್ಕ ವಾಕ್ಯ. ಕಣ್ಣ ಮುಂದೆ ನಡೆದಂತಿದೆ. ನಾಯಿಯನ್ನು ಇಷ್ಟು ಚೆನ್ನಾಗಿ ನೋಡಬಲ್ಲ ನೀವು ಗರಿಂಚಾನ ಕಾಲನ್ನೂ ಹಾಗೇ ನೋಡಬಲ್ಲಿರಿ.

ಹೊಸ ಕರಡಿನಲ್ಲಿ ಬಾಲ್ಯ ಮೂರ್ನಾಲ್ಕು ಸಾಲಿಗೆ ಇಳಿಯಲಿ. ಬ್ರೆಜಿಲ್ ಪರ ಆಡಿದ 50 ಪಂದ್ಯಗಳಲ್ಲಿ ಸೋತದ್ದು ಒಂದೇ, 1966ರಲ್ಲಿ ಹಂಗೇರಿ ವಿರುದ್ಧ, ಅದೇ ಕೊನೆಯ ಪಂದ್ಯ ಎಂಬ ವಿವರವನ್ನು ಮೊದಲ ಪ್ಯಾರಾದಿಂದ ಎತ್ತಿ 1962ರ ನಂತರಕ್ಕೆ ತನ್ನಿ. ಶೀರ್ಷಿಕೆಯಿಂದ ‘ಮಾಂತ್ರಿಕ’ ಹೋಗಲಿ. ಉದ್ದದ ಚಿಂತೆ ಬೇಡ, ಸ್ವೀಡನ್ ಮತ್ತು ಚಿಲಿಗೆ ಎಷ್ಟು ಜಾಗ ಬೇಕೋ ಅಷ್ಟು ತೆಗೆದುಕೊಳ್ಳಿ. ಬರೆದಾದ ಮೇಲೆ ನೇರವಾಗಿ ನನಗೇ ಕಳಿಸಿ.