ಹಾಲಿಗೆ ಸೊನ್ನೆ ದಿನ, ಮಾಂಸಕ್ಕೆ?

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿರುವ ಓದುಗರೊಬ್ಬರು ಕೇಳಿದ್ದಾರೆ: "ಇಲ್ಲಿ ಹಾಲಿನ ಟ್ಯಾಂಕರ್ ಒಂದನ್ನೂ ಪರೀಕ್ಷೆ ಮಾಡದೆ ಬಿಡುವುದಿಲ್ಲ. ಆದರೂ ದನದ ಮಾಂಸದಲ್ಲಿ ಔಷಧದ ಅಂಶ ಸಿಕ್ಕಿತು ಎಂದಾಗೆಲ್ಲ ಡೈರಿ ಹಸುಗಳದ್ದೇ ಸುದ್ದಿ. ಪಶುವೈದ್ಯರು ಇದ್ದು ಏನು ಮಾಡುತ್ತಾರೆ?"

ನೀವು ಗಮನಿಸಿದ್ದು ಸರಿ. ಡೈರಿಯವರು ಹಸುವನ್ನು ಮಾರುವುದೇ ಎಷ್ಟೋ ಸಲ ಕೆಚ್ಚಲು ಬಾವು, ಕುಂಟು, ಗರ್ಭಕೋಶದ ಸೋಂಕು ವಾಸಿಯಾಗದಿದ್ದಾಗ. ಅಂದರೆ ಮದ್ದು ಹಾಕಿಸಿಕೊಂಡ ಹಸುವೇ ಕಸಾಯಿಖಾನೆಯ ಲಾರಿ ಹತ್ತುತ್ತದೆ.

ಮದ್ದು ಹಾಕಿದ ಹಸುವಿನ ಕಾಲಿಗೆ ಕೆಂಪು ಪಟ್ಟಿ ಕಟ್ಟುವುದುಂಟು. ಅದು ಹಾಲು ಕರೆಯುವವರಿಗೆ ಗುರುತು. ಹಾಲು ಮಾರದೆ ಕಾಯಬೇಕಾದ ದಿನ ಮುಗಿದರೆ ಪಟ್ಟಿ ಬಿಚ್ಚುತ್ತಾರೆ, ಮಾಂಸಕ್ಕೆ ಕಳಿಸದೆ ಕಾಯಬೇಕಾದ ದಿನ ಇನ್ನೂ ಬಾಕಿ ಇರುತ್ತದೆ. ಎಕ್ಸೀಡ್ ಎಂಬ ಆಂಟಿಬಯೋಟಿಕ್ ಇಂಜೆಕ್ಷನ್‌ಗಂತೂ ಹಾಲಿಗೆ ಸೊನ್ನೆ ದಿನ, ಮಾಂಸಕ್ಕೆ 13 ದಿನ. ಹಾಲು ಚೆಲ್ಲಬೇಕಾಗಿಲ್ಲವಾದ್ದರಿಂದ ಪಟ್ಟಿ ಕಟ್ಟುವ ನೆನಪೂ ಆಗುವುದಿಲ್ಲ!

ಇನ್ನು ಜ್ವರಕ್ಕೆ ಕೊಡುವ ಫ್ಲೂನಿಕ್ಸಿನ್. ಈ ಇಂಜೆಕ್ಷನ್ ರಕ್ತನಾಳಕ್ಕೇ ಹೋಗಬೇಕು, ಆಗ ಮಾಂಸಕ್ಕೆ 4 ದಿನ ಕಾದರೆ ಸಾಕು. ಒದ್ದಾಡುವ ಹಸುವಿನ ಕತ್ತಿನಲ್ಲಿ ನಾಳ ಹಿಡಿಯುವುದು ಸುಲಭವಲ್ಲ, ಅಲ್ವಾ? ಸುಮ್ನೆ ಮಾಂಸಖಂಡಕ್ಕೆ ಚುಚ್ಚಿದರೆ ಮದ್ದು ಅಲ್ಲೇ ಕೂತು ನಿಧಾನವಾಗಿ ಇಳಿಯುತ್ತದೆ. 4 ದಿನದ ಲೆಕ್ಕ ಅಲ್ಲಿಗೆ ಕೆಟ್ಟಿತು.

ವೈದ್ಯರ ಕೆಲಸ ಇಲ್ಲೇ ಇರುವುದು. 1994ರ ಕಾನೂನಿನ ಪ್ರಕಾರ ಅವರು ಲೇಬಲ್ಲಿಗಿಂತ ಬೇರೆ ರೀತಿಯಲ್ಲೂ ಮದ್ದು ಬರೆಯಬಹುದು. ಆದರೆ ಎಷ್ಟು ದಿನ ಜಾಸ್ತಿ ಕಾಯಬೇಕೆಂದು ಅವರೇ ಹೇಳಬೇಕು. ಲೆಕ್ಕ ಹಾಕಲು ಫರಾಡ್ ಎಂಬ ಮಾಹಿತಿ ಕೇಂದ್ರ ನೆರವಾಗುತ್ತದೆ. 2012ರಿಂದ ಸೆಫಲೋಸ್ಪೊರಿನ್ ಎಂಬ ಆಂಟಿಬಯೋಟಿಕ್‌ಗಳ ಡೋಸನ್ನು ದನಗಳಲ್ಲಿ ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. 2023ರ ಜೂನ್‌ನಿಂದ ಪೆನಿಸಿಲಿನ್‌ಗೂ ವೈದ್ಯರ ಚೀಟಿ ಬೇಕು.

ಚೀಟಿ ಬರೆದರೆ ಮುಗಿಯಲಿಲ್ಲ. ದೊಡ್ಡ ಡೈರಿಗಳಲ್ಲಿ ಸೂಜಿ ಹಿಡಿಯುವವರು ಕೆಲಸಗಾರರು, ಅವರಲ್ಲಿ ಬಹಳ ಜನ ಸ್ಪ್ಯಾನಿಷ್ ಮಾತಾಡುವವರು. ಯಾವ ಕಾಯಿಲೆಗೆ ಯಾವ ಮದ್ದು, ಎಷ್ಟು, ಎಲ್ಲಿಗೆ ಚುಚ್ಚಬೇಕು ಎಂದು ಅವರ ಭಾಷೆಯಲ್ಲೇ ಬರೆದು ಗೋಡೆಗೆ ಅಂಟಿಸಿ, ಆಗಾಗ ಬಂದು ದಾಖಲೆ ಪುಸ್ತಕ ತಿರುವಿ ನೋಡುವ ವೈದ್ಯರೇ ನನ್ನ ಪ್ರಕಾರ ನಿಜಕ್ಕೂ ಕೆಲಸ ಮಾಡುವವರು. ನಿತ್ರಾಣವಾದ ಹಸುವಿನ ಮೈಯಿಂದ ಮದ್ದು ತಡವಾಗಿ ಹೋಗಬಹುದೆಂಬುದೂ ಅವರಿಗೆ ಗೊತ್ತು. ಈ ಹಸು ಹೇಗೂ ಉಳಿಯುವುದಿಲ್ಲ ಎನಿಸಿದರೆ, ಪ್ರಯಾಣ ತಡೆಯುವಷ್ಟು ಗಟ್ಟಿ ಇದ್ದಾಗಲೇ, ಮದ್ದು ಹಾಕದೆ ಮಾರಿಬಿಡಿ ಎಂದೂ ಅವರು ಹೇಳುತ್ತಾರೆ. ಆ ಮಾತಿಗೆ ಧೈರ್ಯ ಬೇಕು.

ಕಸಾಯಿಖಾನೆಯಲ್ಲಿ ಅನುಮಾನ ಬಂದರೆ ತಪಾಸಣೆಯವರು ಮೂತ್ರಪಿಂಡ ಪರೀಕ್ಷಿಸುತ್ತಾರೆ. ಮಿತಿ ಮೀರಿದ್ದು ಖಚಿತವಾದರೆ ತನಿಖೆ ಹಸುವಿನ ಗುರುತು ಹಿಡಿದು ಡೈರಿಗೆ ಬರುತ್ತದೆ, ಚೀಟಿ ಬರೆದವರನ್ನೂ ಕೇಳುತ್ತದೆ. ಮತ್ತೆ ಮತ್ತೆ ಸಿಕ್ಕಿಬಿದ್ದವರ ಪಟ್ಟಿಯನ್ನು ಸರ್ಕಾರವೇ ಪ್ರಕಟಿಸುತ್ತದೆ. ಬೇಕಿದ್ದರೆ ನೀವೂ ನೋಡಬಹುದು.

— ಸಂ.