ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ‘ಸಂವಹನದ ಹಕ್ಕು’ ಅಂತ ಬೇರೆ ಕೇಳಬೇಕಾ?

ನಿಮ್ಮ ಪ್ರಶ್ನೆ ಇಷ್ಟು: ಹಳ್ಳಿಹಳ್ಳಿಗೂ ಮೊಬೈಲ್ ಬಂದಿದೆ, ಡೇಟಾ ಅಗ್ಗವಾಗಿದೆ. ಹಾಗಿದ್ದ ಮೇಲೆ ನಮ್ಮಂಥ ದೇಶಗಳಲ್ಲಿ ಸಂವಹನದ ಹಕ್ಕು, ಮಾಧ್ಯಮದ ಹಕ್ಕು ಅಂತ ಇನ್ನೂ ಯಾಕೆ ಮಾತಾಡುತ್ತಾರೆ?

ನಾನು ಕೋಲಾರ ಜಿಲ್ಲೆ ಬಂಗಾರಪೇಟೆ ತಾಲ್ಲೂಕಿನವಳು. ನಮ್ಮೂರಲ್ಲಿ ಕಂಡಿದ್ದನ್ನೇ ಹೇಳುತ್ತೇನೆ.

ಗ್ರಾಮಸಭೆ ಇದೆ ಅಂದರೆ ಮುಂಚೆಲ್ಲ ತಮಟೆ ಹೊಡೆದು ಸಾರುತ್ತಿದ್ದರು. ಒಂದು ಸಲ ಬರೀ ವಾಟ್ಸಾಪ್ ಗ್ರೂಪಿಗೆ ಹಾಕಿ ಸುಮ್ಮನಾದರು. ನಮ್ಮ ಬೀದಿಯಲ್ಲಿ ಸ್ಮಾರ್ಟ್‌ಫೋನ್ ಇರುವುದು ಹುಡುಗರ ಹತ್ತಿರ. ಅವರು ಬೆಳಿಗ್ಗೆ ಟ್ರೈನ್ ಹತ್ತಿ ಬೆಂಗಳೂರಿಗೆ ಹೋದರೆ ಬರುವುದು ರಾತ್ರಿ. ಅಮ್ಮನ ಹತ್ತಿರ ಇರುವುದು ಬಟನ್ ಫೋನ್. ಬೋರ್‌ವೆಲ್ ಮೋಟಾರ್ ಸುಟ್ಟು ವಾರಗಳಾಗಿತ್ತು. ಅದನ್ನು ಸಭೆಯಲ್ಲೇ ಕೇಳಬೇಕು ಅಂತ ಅಮ್ಮನ ಸಂಘದ ಹೆಂಗಸರು ಕಾದಿದ್ದರು. ಸಭೆ ಮುಗಿದು ಎರಡು ದಿನವಾದ ಮೇಲೆ ಅವರಿಗೆ ಗೊತ್ತಾಯಿತು. ಫೋನ್ ಎಲ್ಲರ ಮನೆಯಲ್ಲೂ ಇತ್ತು, ಅಲ್ವಾ?

ಸಂವಹನದ ಹಕ್ಕು ಅಂದರೆ ಸುದ್ದಿ ಪಡೆಯುವುದಷ್ಟೇ ಅಲ್ಲ, ನಮ್ಮ ಮಾತನ್ನು ಆಚೆಗೆ ತಲುಪಿಸುವುದೂ ಹೌದು. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 19ನೇ ವಿಧಿಯಲ್ಲಿ ಮೂರು ಕೆಲಸಗಳ ಮಾತಿದೆ. ಮಾಹಿತಿ ಹುಡುಕುವುದು, ಪಡೆಯುವುದು, ಇನ್ನೊಬ್ಬರಿಗೆ ತಲುಪಿಸುವುದು. ಮೊಬೈಲಿನಿಂದ ನಮಗೆ ಜಾಸ್ತಿ ಸಿಕ್ಕಿದ್ದು ನಡುವಿನದು ಮಾತ್ರ. ಎಲ್ಲಿನದೋ ಸುದ್ದಿ ಬರುತ್ತದೆ, ನೋಡುತ್ತೇವೆ. ನಮ್ಮ ಕಡೆಯಿಂದ ಆಚೆಗೆ ಏನೂ ಹೋಗುವುದಿಲ್ಲ. ಷಾನ್ ಮ್ಯಾಕ್‌ಬ್ರೈಡ್ ಆಯೋಗ 1980ರಲ್ಲಿ ಯುನೆಸ್ಕೋಗೆ ಕೊಟ್ಟ ವರದಿಯಲ್ಲೂ ಇದೇ ಚಿಂತೆ ಇತ್ತು. ಸುದ್ದಿ ಶ್ರೀಮಂತ ದೇಶಗಳಿಂದ ಬಡ ದೇಶಗಳ ಕಡೆಗೇ ಹರಿಯುತ್ತದೆ, ತಿರುಗಿ ಹರಿಯುವುದು ಕಡಿಮೆ ಅಂತ. ನನಗಂತೂ ಬೆಂಗಳೂರಿಗೂ ನಮ್ಮೂರಿಗೂ ನಡುವೆ ಅದೇ ಕಾಣುತ್ತದೆ. ಕೋಲಾರದ ಟೊಮೆಟೊ ಬೆಲೆ ಏರಿದಾಗ ಟಿವಿಯವರು ಮಂಡಿಗೆ ಬರುತ್ತಾರೆ. ಬೆಲೆ ಬಿದ್ದು ರಸ್ತೆ ಬದಿಗೆ ಸುರಿದಾಗ ಒಂದು ದಿನ ತೋರಿಸುತ್ತಾರೆ. ಆಮೇಲೆ ಆ ರೈತ ಸಾಲ ಹೇಗೆ ತೀರಿಸಿದ ಅಂತ ಕೇಳಲು ಯಾರೂ ಬರುವುದಿಲ್ಲ.

ಆದರೆ ಇದು ಹೀಗೇ ಇರಬೇಕಾಗಿಲ್ಲ. ನಮ್ಮ ತಾಲ್ಲೂಕಿನ ಬೂದಿಕೋಟೆಯಲ್ಲೇ ಬೇರೆ ಥರ ನಡೆದಿತ್ತು. ಹೈದರಾಲಿ ಹುಟ್ಟಿದ ಊರು ಅಂತ ಜನ ಬೂದಿಕೋಟೆಯನ್ನು ನೆನೆಯುತ್ತಾರೆ. ನನಗೆ ಆ ಊರು ಅಂದರೆ ‘ನಮ್ಮ ಧ್ವನಿ’. 2000ದ ದಶಕದ ಶುರುವಿನಲ್ಲಿ ವಾಯ್ಸಸ್ ಮತ್ತು ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆಗಳು ಯುನೆಸ್ಕೋ ನೆರವಿನಿಂದ ಅಲ್ಲಿ ಆ ಹೆಸರಿನ ಸಮುದಾಯ ಧ್ವನಿ ಕೇಂದ್ರ ಶುರುಮಾಡಿದವು. ಹಳ್ಳಿಯ ಹುಡುಗ ಹುಡುಗಿಯರೇ ರೆಕಾರ್ಡ್ ಮಾಡುವುದು, ಎಡಿಟ್ ಮಾಡುವುದು ಕಲಿತರು. ಸ್ವಸಹಾಯ ಸಂಘದ ಹೆಂಗಸರು ಮೈಕಿನ ಮುಂದೆ ಕೂತರು. ಆಗ ಹಳ್ಳಿಯವರು ರೇಡಿಯೋ ಕೇಂದ್ರ ನಡೆಸಲು ಕಾನೂನಿನಲ್ಲಿ ಜಾಗವೇ ಇರಲಿಲ್ಲ. ಅದಕ್ಕೇ ಅವರು ದನಿಯನ್ನು ಕೇಬಲ್ ತಂತಿಯಲ್ಲಿ ಮನೆಮನೆಗೆ ಕಳಿಸಿದರು.

ಅಲ್ಲಿ ನಮ್ಮ ಚಿಕ್ಕಮ್ಮನ ಮನೆ ಇತ್ತು. ಹಸುವಿಗೆ ಹೊಟ್ಟೆ ಉಬ್ಬರಿಸಿದರೆ ಏನು ಮಾಡಬೇಕು ಅಂತ ಪಕ್ಕದ ಬೀದಿಯ ಹೆಂಗಸೊಬ್ಬರು ಮಾತಾಡಿದ್ದನ್ನು ನಾನು ಕೇಳಿದ್ದೆ. ನಮ್ಮದೇ ಮಾತು, ನಡುನಡುವೆ ತೆಲುಗು. ಚಿಕ್ಕಮ್ಮ ಒಲೆ ಬಿಟ್ಟು ಬಂದು ನಿಂತು ಕೇಳಿದರು. ನಾಲ್ಕು ಜನರ ಮುಂದೆ ಬಾಯಿ ಬಿಡದ ಆ ಹೆಂಗಸಿನ ಮಾತನ್ನು ಊರೇ ಕೇಳುತ್ತಿತ್ತು. ಆ ದಿನ ನನಗಾದ ಖುಷಿ ಇವತ್ತಿಗೂ ಮರೆತಿಲ್ಲ.

ಕಾನೂನಿನ ವಿಷಯ ಹೇಳಲೇಬೇಕು. ರೇಡಿಯೋ ಅಲೆಗಳು ಜನರ ಆಸ್ತಿ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು. ಆದರೂ ಸುತ್ತಮುತ್ತಲಿನ ಜನರಿಗಾಗಿಯೇ ನಡೆಸುವ ಸಮುದಾಯ ರೇಡಿಯೋ ಮೊದಲು ತೆರೆದಿದ್ದು ಶಿಕ್ಷಣ ಸಂಸ್ಥೆಗಳಿಗೆ, 2002ರ ಡಿಸೆಂಬರಿನಲ್ಲಿ. ಸ್ವಯಂಸೇವಾ ಸಂಸ್ಥೆಗಳಿಗೆ ಅವಕಾಶ ಸಿಗಲು 2006 ಆಗಬೇಕಾಯಿತು. ತೀರ್ಪು ಬಂದು ಹನ್ನೊಂದು ವರ್ಷ! ಈಗಲೂ ಸಮುದಾಯ ರೇಡಿಯೋ ತಾನೇ ಸುದ್ದಿ ಮಾಡಿ ಪ್ರಸಾರ ಮಾಡುವಂತಿಲ್ಲ. ಟಿವಿ ಚಾನೆಲ್ಲುಗಳು ದಿನವಿಡೀ ಸುದ್ದಿ ಹೇಳಬಹುದು. ಐದಾರು ಮೈಲಿ ಕೇಳುವ ಹಳ್ಳಿ ರೇಡಿಯೋ, ನಮ್ಮ ಪಂಚಾಯ್ತಿಯಲ್ಲಿ ಹೀಗಾಯಿತು ಅಂತ ಸುದ್ದಿ ಓದಬಾರದು. ಇದು ನನಗೆ ಯಾವತ್ತೂ ಸರಿ ಅನ್ನಿಸಿಲ್ಲ.

ಇಂಟರ್ನೆಟ್ ಬಂದರೆ ರೇಡಿಯೋ ಯಾಕೆ ಅಂತ ನೀವು ಕೇಳಬಹುದು. ಶ್ರೀಲಂಕಾದ ಕೊತ್ಮಲೆಯಲ್ಲಿ ಎರಡನ್ನೂ ಸೇರಿಸಿದ್ದರು. ಕೇಳುಗರು ಪ್ರಶ್ನೆ ಕಳಿಸುತ್ತಿದ್ದರು. ರೇಡಿಯೋದವರು ನೆಟ್‌ನಲ್ಲಿ ಉತ್ತರ ಹುಡುಕಿ ಅವರ ಭಾಷೆಯಲ್ಲಿ ಓದಿ ಹೇಳುತ್ತಿದ್ದರು. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರಿಗೂ, ಇಂಗ್ಲಿಷ್ ಬಾರದವರಿಗೂ ಆ ಮಾಹಿತಿ ಸಿಕ್ಕಿತು.

ನೀವು ಈಗಲೇ ಉಪಯೋಗಿಸಬಹುದಾದ ಒಂದು ವಿಷಯವೂ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಬರೆಯಲು ಬಾರದವರು ಬಾಯಿಮಾತಲ್ಲೇ ಮಾಹಿತಿ ಕೇಳಬಹುದು. ಅದನ್ನು ಬರವಣಿಗೆಗೆ ಇಳಿಸಲು ಆ ಕಚೇರಿಯ ಮಾಹಿತಿ ಅಧಿಕಾರಿಯೇ ನೆರವಾಗಬೇಕು. ಇದು 6ನೇ ಕಲಂನಲ್ಲಿದೆ. ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ಸಂಘದಲ್ಲಿ ಇದನ್ನು ಹೇಳಿದಾಗ ಯಾರಿಗೂ ಗೊತ್ತಿರಲಿಲ್ಲ. ಹೆಬ್ಬೆಟ್ಟು ಒತ್ತುವ ಅಜ್ಜಿಯೊಬ್ಬರು ‘ನಾನೂ ಕೇಳಬಹುದಾ?’ ಅಂತ ಎರಡೆರಡು ಸಲ ಕೇಳಿದರು.

ಆ ಗ್ರಾಮಸಭೆ ಕೈತಪ್ಪಿದ ಮೇಲೆ ಅಮ್ಮನ ಸಂಘದವರು ಒಟ್ಟಾಗಿ ಹೋಗಿ ಅರ್ಜಿ ಕೊಟ್ಟರು. ಸಭೆಗೆ ಮುಂಚೆ ತಮಟೆ ಹೊಡೆಸಬೇಕು, ಕನ್ನಡದ ಜೊತೆ ತೆಲುಗಿನಲ್ಲೂ ಸಾರಬೇಕು ಅಂತ. ಮುಂದಿನ ಸಭೆಗೆ ತಮಟೆ ಬಂತು. ಅಮ್ಮ ಹೋಗಿ ಮೋಟಾರಿನ ವಿಷಯ ಎತ್ತಿದರು. ತೆಲುಗಿನಲ್ಲಿ ಸಾರುವುದು ಇನ್ನೂ ಶುರುವಾಗಿಲ್ಲ. ಅದನ್ನೂ ಕೇಳುತ್ತಿದ್ದಾರೆ.